ವಾರಕ್ಕೊಂದು ಮೂಳೆ ಮಾತ್ರೆ: ಅಲೆಂಡ್ರೊನೇಟ್ ನುಂಗುವ ಸರಿಯಾದ ಕ್ರಮ

ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಕಾಯಿಲೆಗೆ ವೈದ್ಯರು ಹೆಚ್ಚಾಗಿ ಬರೆಯುವ ಮಾತ್ರೆಗಳಲ್ಲಿ ಅಲೆಂಡ್ರೊನೇಟ್ ಒಂದು. 70 ಮಿಲಿಗ್ರಾಂ ಮಾತ್ರೆ, ವಾರಕ್ಕೆ ಒಂದೇ ಒಂದು. ಚೀಟಿಯಲ್ಲಿ ‘ವಾರಕ್ಕೊಮ್ಮೆ, ಖಾಲಿ ಹೊಟ್ಟೆಗೆ’ ಎಂದಷ್ಟೇ ಇರುತ್ತದೆ. ಅದರ ಹಿಂದಿರುವ ನಿಯಮಗಳನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತು ಜನ ತುಂಬಿದ ಓಪಿಡಿಯಲ್ಲಿ ಸಿಗುವುದು ಅಪರೂಪ. ಹಾಗಾಗಿ ಕಾಫಿಯ ಜೊತೆ ನುಂಗುವವರಿದ್ದಾರೆ, ನುಂಗಿ ಮತ್ತೆ ಹೊದ್ದು ಮಲಗುವವರಿದ್ದಾರೆ, ಬಿ.ಪಿ. ಮಾತ್ರೆಯಂತೆ ದಿನಕ್ಕೊಂದು ನುಂಗಿ ತಿಂಗಳ ಸ್ಟ್ರಿಪ್ಪನ್ನು ನಾಲ್ಕೇ ದಿನಕ್ಕೆ ಮುಗಿಸುವವರೂ ಇದ್ದಾರೆ.

ಈ ಮಾತ್ರೆಯ ಫಲಾಫಲ ನಿಂತಿರುವುದು ವಾರದ ಒಂದು ಬೆಳಿಗ್ಗೆಯ ಅರ್ಧ ಗಂಟೆಯ ಮೇಲೆ. ಆ ಅರ್ಧ ಗಂಟೆ ಕೆಟ್ಟರೆ ದುಡ್ಡು ಕೊಟ್ಟು ತಂದದ್ದು ಮೈಗೆ ಹತ್ತುವುದಿಲ್ಲ, ಅಥವಾ ಅನ್ನನಾಳ ಸುಡುತ್ತದೆ. ಈ ಬರಹ ವೈದ್ಯರು ಈಗಾಗಲೇ ಮಾತ್ರೆ ಬರೆದುಕೊಟ್ಟವರಿಗೆ ಮತ್ತು ಅವರನ್ನು ನೋಡಿಕೊಳ್ಳುವ ಮನೆಯವರಿಗೆ. ಪಕ್ಕದ ಮನೆಯವರಿಗೆ ಬರೆದದ್ದನ್ನು ನೋಡಿ ನೀವೂ ತಂದು ಶುರುಮಾಡುವ ಮಾತ್ರೆ ಇದಲ್ಲ.

ಈ ಮಾತ್ರೆ ಮಾಡುವುದೇನು, ಮಾಡದಿರುವುದೇನು

ಮೂಳೆ ಒಮ್ಮೆ ಬೆಳೆದು ಹಾಗೇ ನಿಲ್ಲುವ ವಸ್ತುವಲ್ಲ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿರುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತಿರುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು, ಕರಗಿಸುವವರ ಕೈ ಮೇಲಾಗುತ್ತದೆ. ಆಸ್ತಮಾಕ್ಕೋ ಸಂಧಿವಾತಕ್ಕೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರಲ್ಲೂ, ವಯಸ್ಸಾದ ಗಂಡಸರಲ್ಲೂ ಮೂಳೆಯ ಸಾಂದ್ರತೆ ಕುಸಿಯುತ್ತದೆ. ಅಲೆಂಡ್ರೊನೇಟ್ ಮೂಳೆಯ ಮೇಲ್ಮೈಗೆ ಅಂಟಿಕೊಂಡು, ಕರಗಿಸುವ ಕೋಶಗಳ ಕೈ ಕಟ್ಟುತ್ತದೆ. ಇದು ಬಿಸ್‌ಫಾಸ್ಫೊನೇಟ್ ಎಂಬ ಗುಂಪಿಗೆ ಸೇರಿದ್ದು. ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಪಡೆದಾಗ ದಿನಕ್ಕೊಂದು ಮಾತ್ರೆಯಾಗಿತ್ತು. 2000ದಲ್ಲಿ ವಾರಕ್ಕೊಂದರ ರೂಪ ಬಂತು. ಮೊದಲೇ ಬೆನ್ನುಮೂಳೆ ಮುರಿದಿದ್ದ ಮಹಿಳೆಯರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮಾತ್ರೆ ತೆಗೆದುಕೊಂಡವರಲ್ಲಿ ಸೊಂಟದ ಮೂಳೆ ಮುರಿತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಇದು ನೋವಿನ ಮಾತ್ರೆಯಲ್ಲ ಎಂಬುದನ್ನು ಮೊದಲೇ ಮನದಟ್ಟು ಮಾಡಿಕೊಳ್ಳಿ. ‘ಎರಡು ತಿಂಗಳು ತಗೊಂಡೆ, ಮಂಡಿ ನೋವು ಹೋಗಲೇ ಇಲ್ಲ’ ಎಂದು ಬಿಟ್ಟವರು ಎಷ್ಟೋ ಜನ. ಮಂಡಿ ನೋವಿಗೆ ಕಾರಣ ಸಾಮಾನ್ಯವಾಗಿ ಕೀಲಿನೊಳಗಿನ ಮೃದ್ವಸ್ಥಿ ಸವೆದಿರುವುದು. ಆ ಕಾಯಿಲೆಯೇ ಬೇರೆ, ಅದಕ್ಕೆ ಈ ಮಾತ್ರೆಯ ಹಂಗಿಲ್ಲ. ಆಸ್ಟಿಯೊಪೊರೋಸಿಸ್‌ನಲ್ಲಿ ಮೂಳೆ ಮುರಿಯುವವರೆಗೂ ನೋವೇ ಇರುವುದಿಲ್ಲ, ಹಾಗಾಗಿ ಮಾತ್ರೆ ಕೆಲಸ ಮಾಡುತ್ತಿರುವುದೂ ಮೈಗೆ ತಿಳಿಯುವುದಿಲ್ಲ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ ಸ್ಕೋರ್ (ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿದ ಅಂಕಿ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ಸುಧಾರಣೆ ಗೊತ್ತಾಗುವುದೂ ವರ್ಷ ಎರಡು ವರ್ಷ ಬಿಟ್ಟು ಮಾಡಿಸುವ ಅದೇ ಸ್ಕ್ಯಾನ್‌ನಲ್ಲಿ. ಆದಷ್ಟೂ ಅದೇ ಕೇಂದ್ರದ ಅದೇ ಯಂತ್ರದಲ್ಲಿ ಮಾಡಿಸಿ. ಯಂತ್ರ ಬದಲಾದರೆ ಅಂಕಿಗಳನ್ನು ತಾಳೆ ಹಾಕುವುದು ಕಷ್ಟ.

ಇಷ್ಟೊಂದು ಕಟ್ಟುಪಾಡು ಯಾಕೆ?

ಎಲ್ಲ ನಿಯಮಗಳೂ ಎರಡು ಕಾರಣಗಳಿಂದ ಹುಟ್ಟಿದವು. ಇವೆರಡು ತಲೆಗೆ ಹೋದರೆ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಮೊದಲನೆಯದು: ಈ ಔಷಧಿ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ರಾತ್ರಿಯಿಡೀ ಉಪವಾಸವಿದ್ದು, ಎಲ್ಲ ಸರಿಯಾಗಿ ಮಾಡಿ ನುಂಗಿದರೂ ಒಳಗೆ ಸೇರುವುದು ಶೇ. 0.6–0.7ರಷ್ಟು ಮಾತ್ರ. 70 ಮಿಲಿಗ್ರಾಂ ಮಾತ್ರೆಯಲ್ಲಿ ಅರ್ಧ ಮಿಲಿಗ್ರಾಂ ಕೂಡ ಅಲ್ಲ. ಆ ಅಷ್ಟರಿಂದಲೇ ಕೆಲಸ ನಡೆಯುತ್ತದೆ, ಚಿಂತೆಯಿಲ್ಲ. ಆದರೆ ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಸಿಯಂ ಎದುರಾದರೆ ಔಷಧಿ ಅವಕ್ಕೇ ಅಂಟಿಕೊಂಡು ಮಲದ ಜೊತೆ ಹೊರಟುಹೋಗುತ್ತದೆ. ಕಾಫಿ ಅಥವಾ ಕಿತ್ತಳೆ ರಸದ ಜೊತೆ ನುಂಗಿದರೆ ಒಳಗೆ ಸೇರುವ ಅಂಶ ಸುಮಾರು ಶೇ. 60ರಷ್ಟು ಇಳಿಯುತ್ತದೆ. ತಿಂಡಿಯ ಜೊತೆ ನುಂಗಿದರೆ ಹೆಚ್ಚುಕಡಿಮೆ ಸೊನ್ನೆ.

ಎರಡನೆಯದು: ಮಾತ್ರೆ ಅನ್ನನಾಳದ ಒಳಪದರಕ್ಕೆ ತಾಗಿ ನಿಂತರೆ ಅಲ್ಲಿ ಉರಿ, ಹುಣ್ಣು ಮಾಡಬಲ್ಲದು. ಬೇಗ ಹೊಟ್ಟೆಗೆ ಇಳಿಯಬೇಕು, ಇಳಿದದ್ದು ಹೊಟ್ಟೆಯ ಆಮ್ಲದ ಜೊತೆ ಮೇಲೆ ಬರಬಾರದು. ತುಂಬಿದ ಲೋಟ ನೀರು, ನೆಟ್ಟಗೆ ಕೂರುವುದು, ಮಲಗದಿರುವುದು ಎಲ್ಲ ಇದಕ್ಕಾಗಿ.

ಶುರುಮಾಡುವ ಮುನ್ನ ವೈದ್ಯರಿಗೆ ಹೇಳಲೇಬೇಕಾದ್ದು

ಕೆಲವರಿಗೆ ಈ ಮಾತ್ರೆ ಆಗಿಬರುವುದಿಲ್ಲ. ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ:

- ಊಟ ಗಂಟಲಲ್ಲಿ ಅಥವಾ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಅನ್ನನಾಳ ಕಿರಿದಾಗಿದೆ ಎಂದು ಹಿಂದೆ ಎಂಡೊಸ್ಕೊಪಿಯಲ್ಲಿ ಹೇಳಿರುವುದು, ತೀವ್ರ ಎದೆಯುರಿ, ಹೊಟ್ಟೆ ಹುಣ್ಣು.
- ಅರ್ಧ ಗಂಟೆ ನೆಟ್ಟಗೆ ಕೂರಲು ಅಥವಾ ನಿಲ್ಲಲು ಆಗದಿರುವುದು. ಹಾಸಿಗೆ ಹಿಡಿದವರಿಗೆ ಈ ಮಾತ್ರೆ ಸಲ್ಲದು.
- ಮೂತ್ರಪಿಂಡದ ತೊಂದರೆ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ರಕ್ತವನ್ನು ಸೋಸುವ ವೇಗದ ಅಂದಾಜು) ನಿಮಿಷಕ್ಕೆ 35 ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಅಲೆಂಡ್ರೊನೇಟ್ ಕೊಡುವುದಿಲ್ಲ. ವಯಸ್ಸಾದ ತೆಳ್ಳಗಿನವರಲ್ಲಿ ರಕ್ತದ ಕ್ರಿಯಾಟಿನಿನ್ ನೋಡಲು ಸರಿಯಾಗಿಯೇ ಕಂಡರೂ ಲೆಕ್ಕ ಹಾಕಿದಾಗ ಈ ಅಂಕಿ ತಗ್ಗಿರಬಹುದು.
- ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವುದು, ವಿಟಮಿನ್ ಡಿ ಕೊರತೆ. ಇವನ್ನು ಮೊದಲು ಸರಿಪಡಿಸಿ ಆಮೇಲೆ ಮಾತ್ರೆ ಶುರುಮಾಡುವುದು ಕ್ರಮ. ಮೂಳೆ ಕರಗುವುದನ್ನು ತಡೆದಾಗ ರಕ್ತದ ಕ್ಯಾಲ್ಸಿಯಂ ಇನ್ನೂ ಕೆಳಗಿಳಿಯುವ ಅಪಾಯವಿರುತ್ತದೆ.
- ಕೀಳಿಸಬೇಕಾದ ಹಲ್ಲು, ಹಾಕಿಸಬೇಕೆಂದಿರುವ ಇಂಪ್ಲಾಂಟ್.
- ಗರ್ಭಿಣಿಯಾಗಿದ್ದರೆ, ಮುಂದೆ ಮಗುವಾಗುವ ಯೋಚನೆಯಿದ್ದರೆ ಅದು ಕೂಡ.

ಜೊತೆಗೆ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹೆಸರು ಹೇಳಲು ತಡಕಾಡುವುದಕ್ಕಿಂತ ಸ್ಟ್ರಿಪ್ ತೋರಿಸುವುದೇ ಸುಲಭ. ಆಯುರ್ವೇದದ ಪ್ರವಾಳ ಪಿಷ್ಟಿ, ಶಂಖ ಭಸ್ಮ ತೆಗೆದುಕೊಳ್ಳುತ್ತಿದ್ದರೆ ಅವನ್ನೂ ತೋರಿಸಿ. ಅವುಗಳಲ್ಲಿರುವುದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್.

ವಾರದ ದಿನ ಗೊತ್ತುಮಾಡಿಕೊಳ್ಳುವುದು

ಎಲ್ಲರೂ ಭಾನುವಾರ ಎನ್ನುತ್ತಾರೆ. ನನಗೆ ಅದು ಅಷ್ಟು ಒಳ್ಳೆಯ ಆಯ್ಕೆ ಅನಿಸುವುದಿಲ್ಲ. ಭಾನುವಾರ ಏಳುವ ಹೊತ್ತು ತಪ್ಪುತ್ತದೆ, ನೆಂಟರು ಬರುತ್ತಾರೆ, ಮದುವೆ ಮುಂಜಿ ಎಂದು ಬೆಳಿಗ್ಗೆಯೇ ಹೊರಡುವುದಿರುತ್ತದೆ. ವಾರದ ನಡುವಿನ, ಮನೆಯಲ್ಲಿ ಒಂದೇ ತೆರನಾಗಿ ನಡೆಯುವ ದಿನ ಮೇಲು.

ಉಪವಾಸದ ವಾರ ಬೇಡ. ಸೋಮವಾರವೋ ಗುರುವಾರವೋ ಒಪ್ಪತ್ತು ಮಾಡುವವರು ಆ ದಿನ ಬಿಟ್ಟು ಬೇರೆ ಆರಿಸಿಕೊಳ್ಳಿ. ಮಾತ್ರೆ ನುಂಗಿದ ಮೇಲೆ ಅರ್ಧ ಗಂಟೆ ಮಾತ್ರವಲ್ಲ, ದಿನದ ಮೊದಲ ಆಹಾರ ಹೊಟ್ಟೆಗೆ ಬೀಳುವವರೆಗೂ ಮಲಗುವಂತಿಲ್ಲ. ಮಧ್ಯಾಹ್ನದವರೆಗೆ ಏನೂ ತಿನ್ನದೆ ನಡುವೆ ಒರಗಿಕೊಂಡರೆ ನಿಯಮ ಮುರಿದಂತೆಯೇ. ಗೊತ್ತುಮಾಡಿದ ದಿನವೇ ಏಕಾದಶಿ ಬಂದರೆ ಆ ವಾರದ ಮಟ್ಟಿಗೆ ಮಾರನೆಯ ಬೆಳಿಗ್ಗೆ ನುಂಗಿ, ಮುಂದಿನ ವಾರ ಹಳೆಯ ದಿನಕ್ಕೇ ಮರಳಬಹುದು. ರಂಜಾನ್ ತಿಂಗಳಲ್ಲಿ ಉಪವಾಸವಿರುವವರು ಆ ದಿನ ಸಹರಿಗೆ (ಬೆಳಗಿನ ಜಾವದ ಊಟಕ್ಕೆ) ಕನಿಷ್ಠ ಅರ್ಧ ಗಂಟೆ ಮುಂಚೆ ಎದ್ದು ನುಂಗಿ, ಎದ್ದೇ ಇದ್ದು ಸಹರಿ ಊಟ ಮಾಡುವುದು ಸಾಧ್ಯವಿದೆ; ವೈದ್ಯರನ್ನು ಒಮ್ಮೆ ಕೇಳಿಕೊಳ್ಳಿ. ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟಿದ್ದರೆ ಬಸ್ಸಿನ ಬರ್ತಿನಲ್ಲಿ ನುಂಗುವ ಸಾಹಸ ಬೇಡ, ಮಾರನೆಯ ದಿನ ನೋಡಿಕೊಳ್ಳಿ.

ದಿನ ಗೊತ್ತಾದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳ ಆ ದಿನಗಳಿಗೆಲ್ಲ ಗುಂಡಗೆ ಗೆರೆ ಹಾಕಿ. ನುಂಗಿದ ಕೂಡಲೇ ಆ ದಿನವನ್ನು ಹೊಡೆದುಹಾಕಿ. ಮೊಬೈಲ್ ಅಲಾರಾಂ ಇಟ್ಟರೂ ಇದನ್ನು ಬಿಡಬೇಡಿ. ಅಲಾರಾಂ ಹೊಡೆದದ್ದು ನೆನಪಿರುತ್ತದೆ, ನುಂಗಿದ್ದು ನೆನಪಿರುವುದಿಲ್ಲ. ಸ್ಟ್ರಿಪ್ಪನ್ನು ದಿನದ ಮಾತ್ರೆಗಳ ಡಬ್ಬಿಯಲ್ಲಿ ಇಡಬೇಡಿ, ಬೇರೆಯೇ ಇಡಿ, ಮೇಲೆ ವಾರದ ಹೆಸರು ಬರೆದು ಅಂಟಿಸಿ. ಅಜ್ಜಿಗೆ ಮಾತ್ರೆ ಕೊಡುವುದು ಮೊಮ್ಮಗಳೋ ಕೆಲಸದವರೋ ಆಗಿದ್ದರೆ ಇದು ಇನ್ನೂ ಮುಖ್ಯ.

ಆ ಬೆಳಿಗ್ಗೆ, ಒಂದೊಂದೇ ಹೆಜ್ಜೆ

1. ಎದ್ದು, ಹಾಸಿಗೆ ಬಿಟ್ಟು, ಮುಖ ತೊಳೆದು, ಬಾಯಿ ಮುಕ್ಕಳಿಸಿ ಬನ್ನಿ. ಹಾಸಿಗೆಯಲ್ಲೇ ಕೂತು ನುಂಗುವುದು ಬೇಡ. ನುಂಗಿ ಮತ್ತೆ ಒರಗುವ ಆಸೆ ಬರುವುದೇ ಅಲ್ಲಿ. ರಾತ್ರಿ ಮಲಗುವ ಮುನ್ನ ಈ ಮಾತ್ರೆಯನ್ನು ಯಾವತ್ತೂ ತೆಗೆದುಕೊಳ್ಳಬೇಡಿ.

2. ದೊಡ್ಡ ಲೋಟದಲ್ಲಿ ಸಾದಾ ನೀರು ತುಂಬಿಸಿ, ಸುಮಾರು 200 ರಿಂದ 240 ಮಿಲಿಲೀಟರ್. ನಮ್ಮ ಮನೆಗಳ ಸ್ಟೀಲ್ ಕಾಫಿ ಲೋಟ ಇದಕ್ಕೆ ಸಾಲದು, ಊಟಕ್ಕೆ ನೀರಿಡುವ ಲೋಟ ಬೇಕು. ತಣ್ಣೀರು, ಉಗುರುಬೆಚ್ಚಗಿನ ನೀರು ಯಾವುದಾದರೂ ಆದೀತು. ನಿಂಬೆ ಜೇನು ಬೆರೆಸಿದ್ದು, ಜೀರಿಗೆ ಕುದಿಸಿದ್ದು, ಎಳನೀರು, ಮಜ್ಜಿಗೆ, ಗಂಜಿ ತಿಳಿ ಯಾವುದೂ ಆಗದು. ಮಿನರಲ್ ನೀರಿನಲ್ಲಿ ಖನಿಜಾಂಶ ಹೆಚ್ಚಿರಬಹುದಾದ್ದರಿಂದ ಅದನ್ನು ಬಳಸಬಾರದೆಂದು ಔಷಧಿಯ ಜೊತೆಗಿನ ಚೀಟಿಯೇ ಹೇಳುತ್ತದೆ. ಅದೇ ಲೆಕ್ಕದಲ್ಲಿ, ಪಾತ್ರೆಗೆ ಬಿಳಿ ಕರೆ ಕಟ್ಟುವಂಥ ಗಡಸು ಬೋರ್‌ವೆಲ್ ನೀರಿಗಿಂತ ಮನೆಯ ಫಿಲ್ಟರಿನದೋ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನದೋ ನೀರು ಒಳ್ಳೆಯದು.

3. ನಿಂತುಕೊಂಡು ಅಥವಾ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಇಟ್ಟು ಕೂತು ನುಂಗಿ. ಮೊದಲು ಒಂದು ಗುಟುಕು ನೀರಿನಿಂದ ಗಂಟಲು ಒದ್ದೆ ಮಾಡಿಕೊಂಡರೆ ಮಾತ್ರೆ ಸಲೀಸಾಗಿ ಇಳಿಯುತ್ತದೆ. ಇಡೀ ಮಾತ್ರೆಯನ್ನೇ ನುಂಗಬೇಕು. ಅಗಿಯಬಾರದು, ಚೀಪಬಾರದು, ಪುಡಿ ಮಾಡಿ ಬಾಳೆಹಣ್ಣಿನಲ್ಲಿಟ್ಟು ಕೊಡಬಾರದು; ಬಾಯಿ ಗಂಟಲಲ್ಲಿ ಹುಣ್ಣಾದೀತು. ಲೋಟದ ನೀರು ಪೂರ್ತಿ ಖಾಲಿಯಾಗಲಿ.

4. ಗಡಿಯಾರ ನೋಡಿ. ಇನ್ನು ಕನಿಷ್ಠ 30 ನಿಮಿಷ ಕೂತಿರಿ, ನಿಂತಿರಿ, ಓಡಾಡಿ, ಪೇಪರ್ ಓದಿ. ಮಲಗುವುದು, ದಿಂಬಿಗೆ ಒರಗುವುದು ಇಲ್ಲ. ಬಗ್ಗುವ ಕೆಲಸಗಳನ್ನೂ ಆಮೇಲಕ್ಕೆ ಇಟ್ಟುಕೊಳ್ಳಿ: ಅಂಗಳ ಗುಡಿಸುವುದು, ರಂಗೋಲಿ, ದೇವರಿಗೆ ಸಾಷ್ಟಾಂಗ, ಸೂರ್ಯ ನಮಸ್ಕಾರ. ಬಗ್ಗಿದಾಗ ಹೊಟ್ಟೆಯಲ್ಲಿದ್ದದ್ದು ಅನ್ನನಾಳಕ್ಕೆ ಏರುತ್ತದೆ. ಬೆನ್ನುಮೂಳೆ ಟೊಳ್ಳಾದವರು ಸೊಂಟದಿಂದ ಪೂರ್ತಿ ಮುಂದಕ್ಕೆ ಬಗ್ಗುವ ಆಸನಗಳನ್ನು ಉಳಿದ ಆರು ದಿನವೂ ಬಿಡುವುದು ವಾಸಿ. ಬಾಗಿದಾಗ ಬೆನ್ನಿನ ಕಶೇರು ಕುಸಿಯುವ ಅಪಾಯವಿದೆ.

5. ಈ ಅರ್ಧ ಗಂಟೆಯಲ್ಲಿ ಸಾದಾ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು. ‘ಒಂದು ಗುಟುಕು ಕಾಫಿ ಕುಡಿದ್ರೆ ಏನಾಗುತ್ತೆ?’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಒಳಗೆ ಸೇರಬೇಕಾದ ಅರ್ಧ ಮಿಲಿಗ್ರಾಮಿನಲ್ಲೇ ಪಾಲು ಹೋಗುತ್ತದೆ, ಅಷ್ಟೇ. ಎಲೆಯಡಿಕೆ ಹಾಕುವವರಿಗೆ ಇನ್ನೊಂದು ಮಾತು: ಸುಣ್ಣವೆಂದರೆ ಕ್ಯಾಲ್ಸಿಯಮ್ಮೇ. ತಾಂಬೂಲವೂ ಕಾಯಬೇಕು.

6. ಅರ್ಧ ಗಂಟೆ ಕಳೆದ ಮೇಲೆ ಕಾಫಿ, ತಿಂಡಿ. ಕಾಯಲು ಆಗುವುದಾದರೆ ಮುಕ್ಕಾಲು ಗಂಟೆ, ಒಂದು ಗಂಟೆ ಕಾಯುವುದು ಇನ್ನೂ ಒಳ್ಳೆಯದು. 30 ನಿಮಿಷ ಎನ್ನುವುದು ಕನಿಷ್ಠ ಮಿತಿ. ತಿಂಡಿ ಮುಗಿದ ಮೇಲೆ ಬೇಕಿದ್ದರೆ ಮಲಗಬಹುದು.

ಥೈರಾಯ್ಡ್ ಮಾತ್ರೆಯೂ ಇದ್ದರೆ

ಅತಿ ಹೆಚ್ಚು ಗೊಂದಲ ಆಗುವುದು ಇಲ್ಲೇ. ಥೈರಾಕ್ಸಿನ್ ಕೂಡ ಖಾಲಿ ಹೊಟ್ಟೆಯ ಮಾತ್ರೆ, ಎರಡಕ್ಕೂ ಬೆಳಗ್ಗಿನ ಮೊದಲ ಸ್ಥಾನವೇ ಬೇಕು. ಎರಡನ್ನೂ ಒಟ್ಟಿಗೆ ನುಂಗಬೇಡಿ. ವಾರದ ಆ ಒಂದು ದಿನ ಸರದಿ ಹೀಗಿರಲಿ: 6 ಗಂಟೆಗೆ ಅಲೆಂಡ್ರೊನೇಟ್, 6:30ಕ್ಕೆ ಥೈರಾಯ್ಡ್ ಮಾತ್ರೆ ಮತ್ತೆ ಸಾದಾ ನೀರಿನ ಜೊತೆ, 7:15ರ ಸುಮಾರಿಗೆ ಕಾಫಿ ತಿಂಡಿ. ಉಳಿದ ಆರು ದಿನ ಥೈರಾಯ್ಡ್ ಮಾತ್ರೆ ಎಂದಿನಂತೆ. ಇಷ್ಟು ಹೊತ್ತು ಕಾಯಲಾಗದವರು ಬೇರೆ ಏರ್ಪಾಟಿಗೆ ವೈದ್ಯರನ್ನೇ ಕೇಳಬೇಕು.

ಬಿ.ಪಿ. ಮಾತ್ರೆ, ಗ್ಯಾಸ್ಟ್ರಿಕ್ ಎಂದು ತಿಂಡಿಗೆ ಮುಂಚೆ ತೆಗೆದುಕೊಳ್ಳುವ ಪ್ಯಾಂಟೊಪ್ರಜೋಲ್, ಸಕ್ಕರೆ ಕಾಯಿಲೆಯ ಮಾತ್ರೆ ಇವೆಲ್ಲವೂ ಅರ್ಧ ಗಂಟೆಯ ನಂತರ. ತಿಂಡಿಗೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಎಚ್ಚರ: ಇಂಜೆಕ್ಷನ್ ಈ ಮಾತ್ರೆಗೇನೂ ಅಡ್ಡಿಯಲ್ಲ, ಆದರೆ ಎಂದಿನ ಹೊತ್ತಿಗೆ ಇನ್ಸುಲಿನ್ ಹಾಕಿಕೊಂಡು ಮಾತ್ರೆಯ ಕಾರಣಕ್ಕೆ ತಿಂಡಿ ತಡಮಾಡಿದರೆ ಸಕ್ಕರೆ ಇಳಿದು ತಲೆಸುತ್ತು ಬಂದು ಬೀಳಬಹುದು. ಆ ದಿನ ಇನ್ಸುಲಿನ್ನನ್ನೂ ತಿಂಡಿಯ ಜೊತೆಗೇ ತಡಮಾಡಿ.

ಮಂಡಿ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳು ಹೊಟ್ಟೆಯ ಪದರಕ್ಕೆ ಮೊದಲೇ ಶತ್ರು, ಇದರ ಜೊತೆ ಸೇರಿದರೆ ತೊಂದರೆ ಇಮ್ಮಡಿ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ನಿಲ್ಲಿಸಬೇಡಿ, ಆದರೆ ಎರಡೂ ಇರುವ ವಿಷಯ ವೈದ್ಯರ ಗಮನದಲ್ಲಿರಲಿ.

ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ

ಅಲೆಂಡ್ರೊನೇಟ್ ಒಂದೇ ಮೂಳೆ ಕಟ್ಟುವುದಿಲ್ಲ, ಸಾಮಗ್ರಿ ಊಟದಿಂದ ಬರಬೇಕು. 50 ದಾಟಿದ ಮಹಿಳೆಯರಿಗೆ ದಿನಕ್ಕೆ ಸುಮಾರು 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆನ್ನುತ್ತಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ, 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 240. ಮುದ್ದೆ, ಮೊಸರು, ಹಾಲು, ಎಳ್ಳು, ನುಗ್ಗೆಸೊಪ್ಪು ಇರುವ ಮನೆಯಲ್ಲಿ ದೊಡ್ಡ ಪಾಲು ತಟ್ಟೆಯಿಂದಲೇ ದಕ್ಕುತ್ತದೆ. ಉಳಿದದ್ದಕ್ಕೆ ಮಾತ್ರೆ. ಮಂಗರವಳ್ಳಿ ಚಟ್ನಿ ಮೂಳೆಗೆ ಒಳ್ಳೆಯದೆಂಬ ನಂಬಿಕೆಯಿದ್ದವರು ತಿನ್ನಿ, ಅಡ್ಡಿಯಿಲ್ಲ. ಅದನ್ನು ನಂಬಿ ಈ ಮಾತ್ರೆ ಬಿಡುವುದು ಮಾತ್ರ ಬೇಡ.

ಕ್ಯಾಲ್ಸಿಯಂ ಮಾತ್ರೆಯಲ್ಲಿರುವುದು ಕಾರ್ಬೊನೇಟ್ ಆಗಿದ್ದರೆ ಊಟದ ಜೊತೆ ನುಂಗಬೇಕು, ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ಬೇಡ. ಅಲೆಂಡ್ರೊನೇಟ್ ದಿನ ಕ್ಯಾಲ್ಸಿಯಂ ಮಾತ್ರೆಯನ್ನು ಮಧ್ಯಾಹ್ನ ಅಥವಾ ರಾತ್ರಿಯ ಊಟಕ್ಕೆ ಹಾಕಿಬಿಟ್ಟರೆ ತಲೆನೋವಿಲ್ಲ. ಥೈರಾಕ್ಸಿನ್‌ಗೂ ಕ್ಯಾಲ್ಸಿಯಮ್ಮಿಗೂ ನಡುವೆ ನಾಲ್ಕು ಗಂಟೆ ಅಂತರ ಬೇಕಾಗಿರುವುದರಿಂದ ಈ ಏರ್ಪಾಟು ಅದಕ್ಕೂ ಹೊಂದುತ್ತದೆ. ಕಬ್ಬಿಣದ ಮಾತ್ರೆ, ಆಂಟಾಸಿಡ್ ಸಿರಪ್ಪಿಗೂ ಬೆಳಗ್ಗಿನ ಆ ಹೊತ್ತಿನಲ್ಲಿ ಜಾಗವಿಲ್ಲ.

ನಮ್ಮಲ್ಲಿ ವಿಶೇಷವಾಗಿ ಎಡವಟ್ಟಾಗುವುದು ವಿಟಮಿನ್ ಡಿ ಸ್ಯಾಶೆಯಿಂದ. 60,000 ಯೂನಿಟ್ಟಿನ ಪುಡಿ ಅಥವಾ ಕ್ಯಾಪ್ಸೂಲನ್ನು ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು ಎಂದು ಬರೆಯುವುದು ರೂಢಿ. ಇದೂ ವಾರದ್ದು, ಅದೂ ವಾರದ್ದು. ಎರಡನ್ನೂ ಒಂದೇ ಬೆಳಿಗ್ಗೆಗೆ ಸೇರಿಸಿ, ಸ್ಯಾಶೆಯನ್ನು ಹಾಲಿಗೆ ಕಲಸಿ ಆ ಹಾಲಿನಲ್ಲೇ ಮೂಳೆ ಮಾತ್ರೆ ನುಂಗಿದರೆ ಅಲೆಂಡ್ರೊನೇಟ್ ಪೂರ್ತಿ ವ್ಯರ್ಥ. ವಾರದ ಬೇರೆ ಬೇರೆ ದಿನ ಇಟ್ಟುಕೊಳ್ಳಿ, ಸ್ಯಾಶೆಯನ್ನು ಮಧ್ಯಾಹ್ನದ ಊಟದ ಮೇಲೆ ತೆಗೆದುಕೊಳ್ಳಿ. ಎಂಟು ವಾರ ಎಂದದ್ದನ್ನು ಕೇಳುವವರಿಲ್ಲದೆ ವರ್ಷಗಟ್ಟಲೆ ಎಳೆಯುವುದು ಇನ್ನೊಂದು ಪಿಡುಗು. ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ಬಾಯಾರಿಕೆ, ಮಂಕು ಕವಿಯುವುದು ಎಲ್ಲ ಆಗುತ್ತದೆ. ಅಲೆಂಡ್ರೊನೇಟ್ ಮಾತ್ರೆಯೊಳಗೇ ವಿಟಮಿನ್ ಡಿ ಸೇರಿಸಿದ ಕಾಂಬಿನೇಷನ್‌ಗಳೂ ಇವೆ, ಸ್ಟ್ರಿಪ್ಪಿನ ಹಿಂಭಾಗ ಓದಿಸಿಕೊಳ್ಳಿ.

ಮರೆತರೆ, ಹೆಚ್ಚಾದರೆ

ಗೊತ್ತುಮಾಡಿದ ದಿನ ಮರೆತರೆ, ನೆನಪಾದ ಮಾರನೆಯ ಬೆಳಿಗ್ಗೆ ಒಂದು ಮಾತ್ರೆ ನುಂಗಿ. ತಿಂಡಿ ತಿಂದ ಮೇಲೆ ನೆನಪಾಯಿತೆಂದು ಮಧ್ಯಾಹ್ನ ನುಂಗುವುದು ಬೇಡ. ಮುಂದಿನದು ಮತ್ತೆ ಹಳೆಯ ದಿನಕ್ಕೇ. ಒಂದೇ ದಿನ ಎರಡು ಮಾತ್ರೆ ಯಾವ ಕಾರಣಕ್ಕೂ ಇಲ್ಲ. ಒಂದು ವಾರ ತಪ್ಪಿತೆಂದು ಮೂಳೆಗೆ ದೊಡ್ಡ ನಷ್ಟವೇನೂ ಆಗುವುದಿಲ್ಲ, ಗಾಬರಿ ಬೇಡ.

ಯಾರಾದರೂ ಒಟ್ಟಿಗೆ ಹಲವು ಮಾತ್ರೆ ನುಂಗಿಬಿಟ್ಟರೆ ವಾಂತಿ ಮಾಡಿಸಬೇಡಿ, ಬಂದ ದಾರಿಯಲ್ಲೇ ಮತ್ತೆ ಸುಡುತ್ತದೆ. ಹಾಲು ಕುಡಿಸಿ, ಉಳಿದ ದಿನ ದೂರವಿಡಬೇಕಾದ ಹಾಲು ಈಗ ಉಪಕಾರಕ್ಕೆ ಬರುತ್ತದೆ, ಔಷಧಿಗೆ ಅಂಟಿಕೊಂಡು ಒಳಗೆ ಸೇರದಂತೆ ತಡೆಯುತ್ತದೆ. ಮಲಗಿಸದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108.

ನಿಲ್ಲಿಸಿ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು

ನುಂಗುವಾಗ ನೋವು, ಎದೆಯ ನಡುವೆ ಹಿಡಿದಂತಹ ನೋವು, ಹೊಸದಾಗಿ ಶುರುವಾದ ಅಥವಾ ಜೋರಾದ ಎದೆಯುರಿ ಕಂಡರೆ ಮುಂದಿನ ಮಾತ್ರೆ ನುಂಗದೆ ವೈದ್ಯರನ್ನು ಕಾಣಿ. ರಕ್ತ ವಾಂತಿ, ಟಾರಿನಂತೆ ಕಪ್ಪು ಮಲ ಕಂಡರೆ ಕೂಡಲೇ ಆಸ್ಪತ್ರೆಗೆ. ಎದೆನೋವನ್ನು ಈ ಮಾತ್ರೆಯದ್ದೇ ಎಂದು ನೀವೇ ತೀರ್ಮಾನಿಸಿ ಮನೆಯಲ್ಲಿ ಕೂರಬೇಡಿ, ಹೃದಯದ್ದೂ ಇರಬಹುದು. ಕೈಕಾಲು ಜೋಮು, ಬಾಯಿಯ ಸುತ್ತ ಜುಮುಜುಮು, ಸ್ನಾಯು ಸೆಳೆತ ಕ್ಯಾಲ್ಸಿಯಂ ಇಳಿದುದರ ಸೂಚನೆ. ಮೈಯೆಲ್ಲ ಮೂಳೆ, ಕೀಲು, ಸ್ನಾಯು ನೋವು ತೀವ್ರವಾಗಿ ಶುರುವಾದರೂ ಹೇಳಬೇಕು.

ತೊಡೆಯ ಅಥವಾ ತೊಡೆಸಂದಿನ ಮಂದ ನೋವನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡವರಲ್ಲಿ ಅಪರೂಪವಾಗಿ ತೊಡೆಮೂಳೆ, ಬೀಳದೆಯೇ, ಹೆಚ್ಚಿನ ಪೆಟ್ಟಿಲ್ಲದೆ ಅಡ್ಡಕ್ಕೆ ಮುರಿಯುವುದುಂಟು. ಮುರಿಯುವ ವಾರಗಳ, ತಿಂಗಳುಗಳ ಮುಂಚೆಯೇ ಅಲ್ಲಿ ನೋವು ಕಾಣಿಸಿಕೊಳ್ಳಬಹುದು. ಎಣ್ಣೆ ಹಚ್ಚಿ ನೀವಿಸಿಕೊಂಡು ದಿನ ದೂಡದೆ ಎಕ್ಸ್‌ರೇ ಮಾಡಿಸಿ, ಈ ಮಾತ್ರೆ ಎಷ್ಟು ವರ್ಷದಿಂದ ನಡೆದಿದೆ ಎಂದೂ ಹೇಳಿ. ಒಂದು ಕಾಲಿನಲ್ಲಿ ಬಿರುಕು ಕಂಡರೆ ಇನ್ನೊಂದು ಕಾಲನ್ನೂ ನೋಡುತ್ತಾರೆ.

ದವಡೆಯ ವಿಷಯ ಕೇಳಿ ಹೆದರಿದವರೂ ಇದ್ದಾರೆ. ಹಲ್ಲು ಕಿತ್ತ ಜಾಗ ಮಾಯದೆ ದವಡೆಮೂಳೆ ಬಯಲಾಗಿ ಉಳಿಯುವ ತೊಂದರೆ ಇರುವುದು ನಿಜ. ಆದರೆ ಅದು ಹೆಚ್ಚಾಗಿ ಕಂಡುಬರುವುದು ಕ್ಯಾನ್ಸರಿಗೆಂದು ಇದೇ ಗುಂಪಿನ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುವಾಗ. ವಾರದ ಮಾತ್ರೆಯಲ್ಲಿ ತೀರ ವಿರಳ. ಕೀಳಿಸಬೇಕಾದ ಹಲ್ಲನ್ನು ಮಾತ್ರೆ ಶುರುಮಾಡುವ ಮುನ್ನ ಕೀಳಿಸಿಕೊಳ್ಳಿ. ಆಮೇಲೆ ದಂತವೈದ್ಯರ ಕುರ್ಚಿಯಲ್ಲಿ ಕೂತ ತಕ್ಷಣ ‘ಅಲೆಂಡ್ರೊನೇಟ್ ತಗೊಳ್ತಿದ್ದೀನಿ’ ಎನ್ನಿ. ಸ್ವಚ್ಛ ಮಾಡಿಸುವುದು, ಹುಳುಕು ತುಂಬಿಸುವುದಕ್ಕೆ ಇದರಿಂದ ಅಡ್ಡಿಯಿಲ್ಲ.

ಎಷ್ಟು ವರ್ಷ?

ಜೀವಮಾನವಿಡೀ ಅಲ್ಲ. ಈ ಔಷಧಿ ಮೂಳೆಯೊಳಗೆ ಸೇರಿಕೊಂಡು ವರ್ಷಗಟ್ಟಲೆ ಉಳಿಯುವುದರಿಂದ ನಿಲ್ಲಿಸಿದ ಮೇಲೂ ಸ್ವಲ್ಪ ಕಾಲ ರಕ್ಷಣೆ ಮುಂದುವರಿಯುತ್ತದೆ. ಸಾಮಾನ್ಯವಾಗಿ ಐದು ವರ್ಷಕ್ಕೆ ಒಮ್ಮೆ ನಿಂತು ನೋಡುತ್ತಾರೆ. ಮುರಿತದ ಅಪಾಯ ಕಡಿಮೆಯಿದ್ದರೆ ಬಿಡುವು ಕೊಡುತ್ತಾರೆ. ಸೊಂಟ ಅಥವಾ ಬೆನ್ನುಮೂಳೆ ಮುರಿದಿದ್ದವರಿಗೆ, ಸ್ಕೋರ್ ಇನ್ನೂ ತೀರ ಕೆಳಗಿರುವವರಿಗೆ ಹತ್ತು ವರ್ಷದವರೆಗೂ ಮುಂದುವರಿಸುವುದುಂಟು. ಐದು ವರ್ಷಕ್ಕೆ ನಿಲ್ಲಿಸಿದವರನ್ನೂ ಹತ್ತು ವರ್ಷ ಮುಂದುವರಿಸಿದವರನ್ನೂ ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ನಿಲ್ಲಿಸಿದವರಲ್ಲಿ ಒಟ್ಟಾರೆ ಮುರಿತ ಅಷ್ಟೇನೂ ಹೆಚ್ಚಿರಲಿಲ್ಲ, ನೋವಿನಿಂದ ಗೊತ್ತಾಗುವ ಬೆನ್ನುಮೂಳೆ ಮುರಿತ ಮಾತ್ರ ಹೆಚ್ಚಿತ್ತು. ಶುರುಮಾಡಿದ ತಿಂಗಳು, ವರ್ಷವನ್ನು ಫೈಲಿನ ಮೊದಲ ಪುಟದಲ್ಲಿ ಬರೆದಿಡಿ. ವೈದ್ಯರು ಬದಲಾದಾಗ ಹಳೆಯ ಚೀಟಿಯನ್ನೇ ನಕಲು ಮಾಡುತ್ತ ಐದು ಎಂಟಾಗುವುದು ಹೀಗೆ ಬರೆದಿಡದ ಮನೆಗಳಲ್ಲೇ.

ಈ ಮಾತ್ರೆ ಒಗ್ಗದವರಿಗೆ

ನುಂಗುವ ತೊಂದರೆ ಇರುವವರು, ಎದೆಯುರಿ ತಾಳಲಾರದವರು ‘ಹೇಗೋ ಸಹಿಸಿಕೊಳ್ಳೋಣ’ ಎಂದು ಕೂರಬೇಕಿಲ್ಲ. ತಿಂಗಳಿಗೊಮ್ಮೆ ನುಂಗುವ ಐಬ್ಯಾಂಡ್ರೊನೇಟ್ 150 ಮಿಲಿಗ್ರಾಂ ಇದೆ. ಅದಕ್ಕೂ ಇದೇ ನಿಯಮ, ಕಾಯುವುದು ಮಾತ್ರ ಒಂದು ಗಂಟೆ. ಅನ್ನನಾಳದ ತೊಂದರೆಯಿದ್ದವರಿಗೆ ಅದೂ ಆಗದು. ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್ 5 ಮಿಲಿಗ್ರಾಂ ಹೊಟ್ಟೆಯ ದಾರಿಯನ್ನೇ ಬಿಟ್ಟು ಹೋಗುತ್ತದೆ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಅದಕ್ಕೂ ಮೂತ್ರಪಿಂಡ ಚೆನ್ನಾಗಿರಬೇಕು, ಚೆನ್ನಾಗಿ ನೀರು ಕುಡಿದು ಹೋಗಬೇಕು.

ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಡೆನೊಸುಮ್ಯಾಬ್ 60 ಮಿಲಿಗ್ರಾಂ ಬೇರೆ ಗುಂಪಿನದು. ಅಲೆಂಡ್ರೊನೇಟಿನಂತೆ ಅದು ಮೂಳೆಯಲ್ಲಿ ಉಳಿಯುವುದಿಲ್ಲ. ಮುಂದಿನ ಇಂಜೆಕ್ಷನ್ ತಿಂಗಳುಗಟ್ಟಲೆ ತಡವಾದರೆ ಅಥವಾ ಬದಲಿ ಔಷಧಿಯಿಲ್ಲದೆ ನಿಲ್ಲಿಸಿದರೆ ಗಳಿಸಿದ ಸಾಂದ್ರತೆ ಬೇಗ ಕರಗಿ ಬೆನ್ನುಮೂಳೆಗಳು ಒಂದರ ಮೇಲೊಂದು ಕುಸಿಯಬಹುದು. ಅದನ್ನು ಶುರುಮಾಡುವವರು ಮೊದಲ ಇಂಜೆಕ್ಷನ್ ದಿನವೇ ಎರಡನೆಯದರ ತಾರೀಖು ಬರೆಸಿಕೊಂಡು ಬರಬೇಕು, ಊರಿಗೆ ಹೋಗುವುದಿದ್ದರೆ ಅಲ್ಲಿ ಯಾರ ಹತ್ತಿರ ಹಾಕಿಸಿಕೊಳ್ಳಬೇಕು ಎಂಬುದನ್ನೂ ಕೇಳಿಕೊಳ್ಳಬೇಕು.